ಯಾವುದಕ್ಕೆ ಹೋಲಿಸಿ? ಪರ್ಯಾಯ ಚಿಕಿತ್ಸೆಯ ಪಾಠ, ಸಂಶೋಧನೆ: ನನ್ನ ಅನುಭವ

ವಿಶ್ವವಿದ್ಯಾಲಯದಲ್ಲಿ ಪೂರಕ ಮತ್ತು ಪರ್ಯಾಯ ಚಿಕಿತ್ಸೆಗಳ ಪಾಠ ಮಾಡಲು ಒಪ್ಪಿಕೊಂಡ ಮೊದಲ ವರ್ಷ ನಾನು ಸಿಲಬಸ್ ಬರೆದ ರೀತಿಯೇ ತಪ್ಪಾಗಿತ್ತು. ವಾರಕ್ಕೊಂದು ಪದ್ಧತಿ. ಒಂದು ವಾರ ಹೋಮಿಯೋಪಥಿ, ಮುಂದಿನ ವಾರ ಅಕ್ಯುಪಂಕ್ಚರ್ (ಮೈಗೆ ಸಣ್ಣ ಸೂಜಿ ಚುಚ್ಚುವ ಚಿಕಿತ್ಸೆ), ಆಮೇಲೆ ಗಿಡಮೂಲಿಕೆ. ಯಾರು ಶುರು ಮಾಡಿದರು, ತತ್ವ ಏನು, ಹೇಗೆ ಮಾಡುತ್ತಾರೆ, ಅಷ್ಟೇ. ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಒಳ್ಳೆ ಅಂಕ ತೆಗೆದರು. ಕೊನೆಯ ಕ್ಲಾಸ್ ಮುಗಿದ ಮೇಲೆ ಒಬ್ಬಳು ಬಂದು, "ಸರ್, ಇಷ್ಟರಲ್ಲಿ ಯಾವುದು ಕೆಲಸ ಮಾಡುತ್ತೆ ಅಂತ ನಾವೇ ಕಂಡುಕೊಳ್ಳೋದು ಹೇಗೆ?" ಅಂತ ಕೇಳಿದಳು. ಇಡೀ ಸೆಮಿಸ್ಟರ್‌ನಲ್ಲಿ ನಾನು ಹೇಳಿಕೊಡಬೇಕಾಗಿದ್ದುದು ಅದನ್ನೇ, ಹೇಳಿಕೊಡದೆ ಬಿಟ್ಟಿದ್ದೂ ಅದನ್ನೇ.

ಮುಂದಿನ ವರ್ಷದಿಂದ ಮೊದಲ ಮೂರು ವಾರ ಯಾವ ಪದ್ಧತಿಯ ಹೆಸರನ್ನೂ ಎತ್ತುವುದಿಲ್ಲ. ಒಂದೇ ಪ್ರಶ್ನೆ: ಚಿಕಿತ್ಸೆ ತಗೊಂಡವರಿಗೆ ಗುಣವಾಯಿತು, ಯಾಕೆ? ಕಾರಣಗಳನ್ನು ಬೋರ್ಡಿನ ಮೇಲೆ ಅವರೇ ಬರೆಯುತ್ತಾರೆ. ಔಷಧಿ ಕೆಲಸ ಮಾಡಿರಬಹುದು. ಕಾಯಿಲೆ ತಾನಾಗಿ ಹೋಗುವ ಹೊತ್ತಾಗಿರಬಹುದು. ಜೊತೆಗೆ ಬೇರೆ ಮಾತ್ರೆಯೂ ನಡೆದಿರಬಹುದು. ನೋವು ತೀರಾ ಜಾಸ್ತಿಯಾದಾಗಲೇ ಜನ ಚಿಕಿತ್ಸೆಗೆ ಹೋಗುವುದು, ಹಾಗಾಗಿ ಅದಾದ ವಾರ ಏನೂ ಮಾಡದಿದ್ದರೂ ನೋವು ಸ್ವಲ್ಪ ಇಳಿದಿರುತ್ತದೆ. ಇನ್ನೊಂದು ಕಾರಣ ಅವರಿಗೆ ಕೊನೆಗೆ ಹೊಳೆಯುತ್ತದೆ: ಇಷ್ಟು ಅಕ್ಕರೆಯಿಂದ ನೋಡಿಕೊಂಡವರ ಮುಂದೆ "ಏನೂ ಉಪಯೋಗ ಆಗಲಿಲ್ಲ" ಅನ್ನಲು ಮನಸ್ಸು ಬರುವುದಿಲ್ಲ, ಅಲ್ವಾ?

ಆಮೇಲೆ 1784ರ ಕಥೆ ಹೇಳುತ್ತೇನೆ. ಮೆಸ್ಮರ್ ಅನ್ನುವ ವೈದ್ಯ ಹೇಳುತ್ತಿದ್ದ ಕಾಂತಶಕ್ತಿಯ ಚಿಕಿತ್ಸೆಯನ್ನು ಪರೀಕ್ಷಿಸಲು ಫ್ರಾನ್ಸಿನ ದೊರೆ ಒಂದು ಸಮಿತಿ ಮಾಡಿದ್ದ. ವಿಜ್ಞಾನಿಗಳಾದ ಬೆಂಜಮಿನ್ ಫ್ರಾಂಕ್ಲಿನ್, ಲಾವೊಸಿಯೆ ಅದರಲ್ಲಿದ್ದರು. ತೋಟದ ಒಂದು ಮರಕ್ಕೆ ಶಕ್ತಿ ತುಂಬಿಸಿ, 12 ವರ್ಷದ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ, ಒಂದೊಂದೇ ಮರದ ಹತ್ತಿರ ಕರೆದುಕೊಂಡು ಹೋದರು. ನಾಲ್ಕನೇ ಮರದ ಹತ್ತಿರ ಹುಡುಗ ಪ್ರಜ್ಞೆ ತಪ್ಪಿ ಬಿದ್ದ. ಶಕ್ತಿ ತುಂಬಿಸಿದ ಮರ ಬೇರೆ ಕಡೆ ಇತ್ತು. ಹುಡುಗ ಸುಳ್ಳು ಹೇಳಲಿಲ್ಲ, ನಿಜವಾಗಿಯೂ ಬಿದ್ದ. ಈ ಮಾತನ್ನು ನಾನು ಪ್ರತಿ ವರ್ಷ ಒತ್ತಿ ಹೇಳುತ್ತೇನೆ, ಯಾಕೆಂದರೆ ಪರೀಕ್ಷೆ ಮಾಡುವುದು ಅಂದರೆ ರೋಗಿಯನ್ನು ಸುಳ್ಳುಗಾರ ಅನ್ನುವುದು ಅಂತ ಸುಮಾರು ಜನ ತಿಳಿದುಕೊಂಡಿರುತ್ತಾರೆ.

ಕ್ಲಾಸಿನಲ್ಲೇ ಮಾಡಿಸುವ ಪ್ರಯೋಗ ಎಮಿಲಿ ರೋಸಾ ಅನ್ನುವ ಹುಡುಗಿಯದು. 9ನೇ ವಯಸ್ಸಿನಲ್ಲಿ ಶಾಲೆಗಾಗಿ ಮಾಡಿದ್ದು, 1998ರಲ್ಲಿ ಅಮೆರಿಕದ ವೈದ್ಯರ ಸಂಘದ ಪತ್ರಿಕೆಯಲ್ಲಿ ಬಂತು. ಮೈ ಮುಟ್ಟದೆ ಕೈಯಾಡಿಸಿ ಚಿಕಿತ್ಸೆ ಕೊಡುವ 21 ಜನ ರಟ್ಟಿನ ಪರದೆಯ ತೂತಿನಲ್ಲಿ ಎರಡೂ ಕೈ ತೂರಿಸಿದರು. ಯಾವ ಕೈಯ ಮೇಲೆ ಹುಡುಗಿಯ ಕೈ ಇದೆ ಅಂತ ಹೇಳಬೇಕಿತ್ತು. 280 ಸಲ ಕೇಳಿದಾಗ 123 ಸಲ ಸರಿ ಹೇಳಿದರು, ಅಂದರೆ ಶೇ. 44. ಸುಮ್ನೆ ಊಹಿಸಿದ್ದರೂ ಅರ್ಧದಷ್ಟು ಸರಿಯಾಗಬೇಕಿತ್ತು. ನಮ್ಮ ವಿದ್ಯಾರ್ಥಿಗಳು ಇದನ್ನು ಮಾಡುವಾಗ ಮೊದಲ ಸಲ ನಾಣ್ಯ ಚಿಮ್ಮಲು ಬೇಸರಪಟ್ಟು ಎಡ, ಬಲ, ಎಡ, ಬಲ ಅಂತ ಕೈ ಬದಲಿಸಿದರು. ಎದುರು ಕೂತವನು ಬೇಗನೆ ಲಯ ಹಿಡಿದು ಎಲ್ಲ ಸರಿ ಹೇಳತೊಡಗಿದ. ಚೀಟಿ ಎತ್ತಿದಂತೆ ಹಂಚುವುದು ಯಾಕೆ ಬೇಕು ಅಂತ ಅವತ್ತು ಅವರಿಗೆ ಅರ್ಥವಾದಷ್ಟು ನನ್ನ ಯಾವ ಪಾಠದಲ್ಲೂ ಆಗಿರಲಿಲ್ಲ.

ಒಂದು ಬ್ಯಾಚಿನಲ್ಲಿ ಹೋಮಿಯೋಪಥಿ ವೈದ್ಯೆಯೊಬ್ಬರಿದ್ದರು. 30ಸಿ ಔಷಧಿ ಅಂದರೆ ನೂರಕ್ಕೆ ಒಂದರಂತೆ 30 ಸಲ ತೆಳುಗೊಳಿಸಿದ್ದು, ಒಂದರ ಮುಂದೆ 60 ಸೊನ್ನೆ. 12ಸಿ ದಾಟುವಷ್ಟರಲ್ಲೇ ಮೂಲ ವಸ್ತುವಿನ ಒಂದು ಅಣುವೂ ಉಳಿಯುವ ಸಂಭವ ಹೆಚ್ಚುಕಡಿಮೆ ಇಲ್ಲ. ಅವರು ಲೆಕ್ಕ ಒಪ್ಪಿದರು. "ಆದರೆ ನನ್ನ ರೋಗಿಗಳು ಸುಧಾರಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಅದಕ್ಕೇನು ಹೇಳುತ್ತೀರಿ?" ಅಂದರು. ಅದು ನ್ಯಾಯವಾದ ಪ್ರಶ್ನೆ. ಮುಂದಿನ ಕ್ಲಾಸಿಗೆ 2008ರ ಒಂದು ಅಧ್ಯಯನ ತಂದೆ. ಕರುಳಿನ ತೊಂದರೆಯ (ಐಬಿಎಸ್) 262 ರೋಗಿಗಳು, ಮೂರು ಗುಂಪು. ಒಂದು ಗುಂಪನ್ನು ಗಮನಿಸಿದ್ದಷ್ಟೇ, ಇನ್ನೊಂದಕ್ಕೆ ಅಕ್ಯುಪಂಕ್ಚರ್‌ನಂತೆ ಕಾಣುವ, ಆದರೆ ಚುಚ್ಚದ ಸುಳ್ಳು ಸೂಜಿ, ಮೂರನೆಯದಕ್ಕೆ ಅದೇ ಸುಳ್ಳು ಸೂಜಿಯ ಜೊತೆಗೆ ಸಮಯ ಕೊಟ್ಟು ಪ್ರೀತಿಯಿಂದ ಮಾತಾಡುವ ವೈದ್ಯರು. ಮೂರು ವಾರಕ್ಕೆ ಆರಾಮ ಸಿಕ್ಕಿತು ಅಂದವರು ಶೇ. 28, ಶೇ. 44, ಶೇ. 62. ನಿಜವಾದ ಸೂಜಿ ಯಾರಿಗೂ ಇರಲಿಲ್ಲ. ಆ ವೈದ್ಯೆ ತುಂಬಾ ಹೊತ್ತು ಆ ಮೂರು ಸಂಖ್ಯೆಗಳನ್ನೇ ನೋಡುತ್ತಿದ್ದರು. ಕಿವಿಗೊಟ್ಟು ಕೇಳುವುದಕ್ಕೆ ಇಷ್ಟು ಬೆಲೆ ಇದ್ದರೆ, ಅದನ್ನು ಕೊಡಲು ಒಳಗೆ ಏನೂ ಇಲ್ಲದ ಗುಳಿಗೆಯ ನೆಪ ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅವರು ಪೂರ್ತಿ ಒಪ್ಪಲಿಲ್ಲ. ಆದರೆ ಕೋರ್ಸ್ ಬಿಡಲಿಲ್ಲ.

ಸಂಶೋಧನೆಯಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಹೋಲಿಕೆಯೇ. ಮಾತ್ರೆಗಾದರೆ ಅದೇ ಬಣ್ಣದ ಸಕ್ಕರೆ ಮಾತ್ರೆ ಸಾಕು, ಸೂಜಿಗೆ ಏನು ಮಾಡುತ್ತೀರಿ? 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಉಪಾಯ ಬಂತು, ಮೊಂಡು ತುದಿಯ ಸೂಜಿ, ಒತ್ತಿದರೆ ಹಿಡಿಯೊಳಗೆ ಸರಿದುಕೊಳ್ಳುತ್ತದೆ, ಚುಚ್ಚಿದ ಹಾಗೇ ಕಾಣುತ್ತದೆ. ಅಂಥದ್ದನ್ನು ಬಳಸಿ ನಾವು ಮಾಡಿದ ಸಣ್ಣ ಪೂರ್ವ ಪ್ರಯೋಗದಲ್ಲಿ ರೋಗಿಗಳಿಗೆ ಸೂಜಿಯಿಂದ ಗೊತ್ತಾಗಲಿಲ್ಲ, ಸೂಜಿ ಹಾಕುವವರ ಮುಖದಿಂದ ಗೊತ್ತಾಯಿತು. ಸುಳ್ಳು ಸೂಜಿ ಹಾಕುವ ದಿನ ಅವರು ಬೇಗ ಮುಗಿಸುತ್ತಿದ್ದರು, ಮಾತು ಕಡಿಮೆ. ಹಾಗಾಗಿ ಈಗ ಎರಡೂ ಗುಂಪಿಗೆ ಒಂದೇ ಮಾತು, ಒಂದೇ ಹೊತ್ತು, ಅಳೆಯುವವರು ಬೇರೆಯೇ ಜನ, ಕೊನೆಯಲ್ಲಿ "ನಿಮಗೆ ಯಾವುದು ಸಿಕ್ಕಿತು ಅನ್ನಿಸುತ್ತೆ?" ಅಂತ ಪ್ರತಿಯೊಬ್ಬರನ್ನೂ ಕೇಳುತ್ತೇವೆ.

ಜರ್ಮನಿಯಲ್ಲಿ 1162 ಜನರ ಬೆನ್ನುನೋವಿನ ಮೇಲೆ ನಡೆದ ದೊಡ್ಡ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಸರಿಯಾದ ಜಾಗದಲ್ಲಿ ಸೂಜಿ ಹಾಕಿಸಿಕೊಂಡವರಲ್ಲಿ ಶೇ. 47.6, ಸಂಬಂಧವಿಲ್ಲದ ಜಾಗದಲ್ಲಿ ಆಳಕ್ಕೆ ಇಳಿಸದೆ ಹಾಕಿಸಿಕೊಂಡವರಲ್ಲಿ ಶೇ. 44.2, ಮಾಮೂಲಿ ಚಿಕಿತ್ಸೆಯವರಲ್ಲಿ ಶೇ. 27.4 ಜನ ಸುಧಾರಿಸಿದರು. ಪರೀಕ್ಷೆಯಲ್ಲಿ ಈ ಮೂರು ಸಂಖ್ಯೆ ಕೊಟ್ಟು, ಎರಡು ವಿರುದ್ಧ ತಲೆಬರಹ ಬರೆಯಿರಿ, ಯಾವುದು ಯಾವ ಹೋಲಿಕೆಯಿಂದ ಬಂತು ಹೇಳಿ ಅನ್ನುತ್ತೇನೆ.

ಹಣದ ವಿಷಯ ಬೇಗ ಮುಗಿಸುತ್ತೇನೆ. ತಯಾರಕರೊಬ್ಬರು ಅನುದಾನ ಕೊಡಲು ಬಂದರು, ಫಲಿತಾಂಶ ಮೊದಲು ತಾವು ನೋಡಬೇಕು ಅಂದರು. ಬೇಡ ಅಂದೆ. ಏನು ಅಳೆಯುತ್ತೇವೆ ಅನ್ನುವುದನ್ನು ಶುರುವಿಗೆ ಮೊದಲೇ ನೋಂದಾಯಿಸುತ್ತೇವೆ, ಆಮೇಲೆ ಸದ್ದಿಲ್ಲದೆ ಬದಲಿಸಲು ಬರುವುದಿಲ್ಲ.

ಗಿಡಮೂಲಿಕೆಗಳನ್ನು ಮಾತ್ರ ಉಳಿದವುಗಳ ಜೊತೆ ಸೇರಿಸುವುದಿಲ್ಲ, ಅವು ನಿಜವಾದ ರಾಸಾಯನಿಕಗಳು. ಹಳೆಯ ಚೀನೀ ಗ್ರಂಥದ ಸುಳಿವು ಹಿಡಿದು ತು ಯೂಯೂ ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಹುಡುಕಿ 2015ರಲ್ಲಿ ನೊಬೆಲ್ ಪಡೆದರು. ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆಗೆ ಒಂದು ಬೇರಿನ ಬದಲು ಅರಿಸ್ಟೊಲೋಕಿಯಾ ಅನ್ನುವ ವಿಷದ ಗಿಡ ಸೇರಿ ಎಷ್ಟೋ ಹೆಂಗಸರ ಕಿಡ್ನಿ ಹೋಯಿತು. ಮನಸ್ಸಿನ ಬೇಸರಕ್ಕೆ ತಗೊಳ್ಳುವ ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡಮೂಲಿಕೆ ಲಿವರಿನ ಕಿಣ್ವಗಳನ್ನು ಚುರುಕು ಮಾಡಿ, ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಸೈಕ್ಲೋಸ್ಪೊರಿನ್ ಔಷಧಿಯ ಮಟ್ಟವನ್ನು ರಕ್ತದಲ್ಲಿ ಇಳಿಸುತ್ತದೆ. ಹೃದಯ ಕಸಿಯಾದ ಇಬ್ಬರಲ್ಲಿ ಹೀಗೆ ದೇಹ ಹೊಸ ಹೃದಯವನ್ನು ತಿರಸ್ಕರಿಸತೊಡಗಿದ್ದು 2000ದಲ್ಲಿ ವರದಿಯಾಯಿತು.

ಅದಕ್ಕೇ ವಿದ್ಯಾರ್ಥಿಗಳನ್ನು ವಾರ್ಡಿಗೆ ಕಳಿಸುತ್ತೇನೆ. "ಪರ್ಯಾಯ ಚಿಕಿತ್ಸೆ ತಗೊಳ್ತೀರಾ?" ಅಂತ ಕೇಳಿದರೆ ಉತ್ತರ "ಇಲ್ಲ". ಈಗ ಪ್ರಶ್ನೆ ಬದಲಿಸಿದ್ದೇವೆ: "ಮೈ ಹುಷಾರಾಗಲಿ ಅಂತ ನೀವಾಗಿಯೇ ಏನೇನು ತಗೊಳ್ತೀರಿ, ಏನೇನು ಮಾಡ್ತೀರಿ?" ಕಳೆದ ಸೆಮಿಸ್ಟರ್‌ನಲ್ಲಿ ಒಬ್ಬಳು ಹೀಗೆ ಕೇಳಿದಾಗ, ಅದೇ ಬೆಳಗ್ಗೆ "ಇಲ್ಲ" ಅಂದಿದ್ದ ರೋಗಿ ದಿಂಬಿನ ಪಕ್ಕದ ಚೀಲದಿಂದ ಮೂರು ಡಬ್ಬಿ ತೆಗೆದು ಮಂಚದ ಮೇಲಿಟ್ಟರು. ಅವಳು ಮೂರರ ಹೆಸರನ್ನೂ ಕೇಸ್ ಶೀಟಿನಲ್ಲಿ ಬರೆದು, ವಾರ್ಡಿನ ಡಾಕ್ಟರಿಗೆ ತೋರಿಸಿ ಬಂದಳು.