ಲಿವರ್ ಕ್ಯಾನ್ಸರ್ ಇರೋರ ಎಎಫ್‌ಪಿ ರಿಪೋರ್ಟ್ ಓದೋದು ಹೇಗೆ

ರಿಪೋರ್ಟ್ ಮೊಬೈಲಿಗೆ ಬಂದ ತಕ್ಷಣ ಎಲ್ರ ಕಣ್ಣು ಹೋಗೋದು ಎಎಫ್‌ಪಿ (ಲಿವರ್ ಕ್ಯಾನ್ಸರ್ ಸುಳಿವು ಕೊಡೋ ರಕ್ತಪರೀಕ್ಷೆ) ನಂಬರ್ ಮೇಲೆ, 620 ಅಂತೇನಾದ್ರೂ ಇದ್ರೆ ಮನೆಯವರ ಕೈಕಾಲೇ ಆಡಲ್ಲ. ಸ್ವಲ್ಪ ತಡೀರಿ, ಅದೊಂದನ್ನೇ ನೋಡಿ ಆಯಸ್ಸು ಲೆಕ್ಕ ಹಾಕ್ಬೇಡಿ.

ಮೊದ್ಲು ಒಂದು ನೋಟ್‌ಬುಕ್ ತಗೊಂಡು ತಾರೀಕು, ಎಎಫ್‌ಪಿ, ಆಲ್ಬುಮಿನ್, ಬಿಲಿರುಬಿನ್ (ಕಾಮಾಲೆ ಎಷ್ಟಿದೆ ಅಂತ ತೋರಿಸೋದು) ಅಂತ ನಾಲ್ಕು ಕಾಲಂ ಹಾಕಿ ಹಳೇ ರಿಪೋರ್ಟೆಲ್ಲ ಹುಡುಕಿ ಬರ್ಕೊಳ್ಳಿ. ಆದಷ್ಟೂ ಒಂದೇ ಲ್ಯಾಬಲ್ಲಿ ಮಾಡ್ಸಿ, ಯೂನಿಟ್ಟೂ ನೋಡಿ, ಎಎಫ್‌ಪಿನ ಕೆಲವು ಲ್ಯಾಬ್ ನ್ಯಾನೊಗ್ರಾಮಲ್ಲಿ, ಕೆಲವು ಐಯು (ಇಂಟರ್‌ನ್ಯಾಷನಲ್ ಯೂನಿಟ್) ಲೆಕ್ಕದಲ್ಲಿ ಕೊಡ್ತವೆ, ಎರಡೂ ಬೇರೆ ಬೇರೆ.

ಎಎಫ್‌ಪಿ ಅನ್ನೋದು ಹೊಟ್ಟೆಯೊಳಗಿರೋ ಮಗುವಿನ ಲಿವರ್ ತಯಾರಿಸೋ ಪ್ರೋಟೀನ್, ದೊಡ್ಡೋರಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 10 ನ್ಯಾನೊಗ್ರಾಮ್ ಒಳಗಿರುತ್ತೆ, ಕ್ಯಾನ್ಸರ್ ಕಣಗಳು ಅದನ್ನ ಮತ್ತೆ ಮಾಡೋಕೆ ಶುರು ಮಾಡ್ತವೆ. 400 ದಾಟಿದ್ರೆ ರೋಗ ಜೋರಿರೋ ಸಾಧ್ಯತೆ ಹೆಚ್ಚು. ಆದ್ರೆ ಹೆಪಟೈಟಿಸ್ ಉಲ್ಬಣ ಆದಾಗ್ಲೂ ಏರುತ್ತೆ, ಇನ್ನೂ ಎಷ್ಟೋ ಜನಕ್ಕೆ ಗಡ್ಡೆ ಇದ್ರೂ ಏರೋದೇ ಇಲ್ಲ, ಹಾಗಾಗಿ ನಾರ್ಮಲ್ ಬಂತು ಅಂತ ಸ್ಕ್ಯಾನ್ ತಪ್ಪಿಸ್ಬೇಡಿ. ಎಎಫ್‌ಪಿ ಏರದೇ ಇರೋರಿಗೆ ಪಿವ್ಕಾ-2 ಅನ್ನೋ ಇನ್ನೊಂದು ರಕ್ತದ ಟೆಸ್ಟ್ ಉಪಯೋಗಕ್ಕೆ ಬರ್ಬಹುದು. ಅದು ತುಂಬಾ ಜಾಸ್ತಿ ಇದ್ರೆ ಗಡ್ಡೆ ರಕ್ತನಾಳದೊಳಗೆ ಹೋಗಿರೋ ಅನುಮಾನ ಬರುತ್ತೆ, ಆದ್ರೆ ರಕ್ತ ಹೆಪ್ಪುಗಟ್ಟದಂತೆ ಕೊಡೋ ವಾರ್ಫರಿನ್ ಮಾತ್ರೆ ತಗೊಳ್ಳೋರಲ್ಲಿ ಸುಮ್ನೆನೂ ಏರುತ್ತೆ, ಮಾತ್ರೆ ವಿಷಯ ಡಾಕ್ಟರಿಗೆ ಮೊದಲೇ ಹೇಳಿ.

ಆಪರೇಷನ್ ಆಗಿ ಮೂರೇ ದಿನಕ್ಕೆ ಎಎಫ್‌ಪಿ ನೋಡಿ ಗಾಬರಿ ಆಗ್ಬೇಡಿ, ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯೋಕೇ ಹೆಚ್ಚುಕಮ್ಮಿ 5ರಿಂದ 7 ದಿನ ಬೇಕು. ಇಳಿದಿದ್ದು ಮತ್ತೆ ಸಲ ಸಲಕ್ಕೂ ಏರ್ತಾ ಹೋದ್ರೆ ಮಾತ್ರ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೇ ಫೋನ್ ಮಾಡಿ.

ನನ್ನ ಪ್ರಕಾರ ಮನೆಯವರು ಅಷ್ಟಾಗಿ ಗಮನ ಕೊಡದೇ ಇರೋದು ಆಲ್ಬುಮಿನ್ ಕಡೆಗೆ, ಇದೂ ಲಿವರ್ ಮಾಡೋ ಪ್ರೋಟೀನೇ, ಮತ್ತೆ ಈ ಕಾಯಿಲೇಲಿ ಮುಂದೇನು ಅನ್ನೋದು ಗಡ್ಡೆ ಎಷ್ಟಿದೆ ಅನ್ನೋದರ ಜೊತೆ ಉಳಿದ ಲಿವರಿಗೆ ಎಷ್ಟು ಶಕ್ತಿ ಇದೆ ಅನ್ನೋದ್ರ ಮೇಲೂ ನಿಂತಿದೆ. ಆಲ್ಬುಮಿನ್ ಡೆಸಿಲೀಟರಿಗೆ 3.5 ಗ್ರಾಮ್ ಮೇಲಿದ್ರೆ ಚೆನ್ನಾಗಿದೆ, 2.8ಕ್ಕಿಂತ ಕೆಳಗೆ ಹೋದ್ರೆ ಲಿವರ್ ಸೋತಿದೆ ಅಂತ, ಆಗ ಕೆಲವು ಟ್ರೀಟ್‌ಮೆಂಟ್ ತಡ್ಕೊಳ್ಳೋದೇ ಕಷ್ಟ. ಲಿವರ್ ಕಾಯಿಲೆ ಅಂತ ಬರೀ ಗಂಜಿ ಕೊಡ್ತಾರಲ್ಲ, ದಯವಿಟ್ಟು ಹಾಗ್ಮಾಡ್ಬೇಡಿ, ಬೇಳೆ ಮೊಸರು ಮೊಟ್ಟೆ ಎಷ್ಟು ಕೊಡ್ಬಹುದು ಅಂತ ಕೇಳಿ ಕೊಡಿ.

ಓಪಿಡಿಗೆ ಹೋದಾಗ ಆ ನೋಟ್‌ಬುಕ್ ಮುಂದಿಟ್ಟು "ಚೈಲ್ಡ್-ಪ್ಯೂ ಎ, ಬಿ, ಸಿ ಯಾವ್ದು ಡಾಕ್ಟ್ರೇ, ಗಡ್ಡೆ ರಕ್ತನಾಳಕ್ಕೆ ಹೋಗಿದ್ಯಾ" ಅಂತ ಕೇಳಿ (ಚೈಲ್ಡ್-ಪ್ಯೂ ಅಂದ್ರೆ ಲಿವರ್ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ಹೇಳೋ ದರ್ಜೆ, ಎ ಒಳ್ಳೇದು, ಸಿ ಕೆಟ್ಟದು), ಅವ್ರು ಹೇಳಿದ್ದನ್ನ ಅದೇ ಪುಟದಲ್ಲಿ ಬರ್ಕೊಳ್ಳಿ.