ಭಟ್ಟಿ ನೀರಿನಿಂದ ಪಾಮರೋಸಾ ಎಣ್ಣೆ: ಹೆಕ್ಸೇನ್‌ನಲ್ಲಿ ನನ್ನ ಅನುಭವ

ಪಾಮರೋಸಾ ಅನ್ನುವ ಸುವಾಸನೆಯ ಹುಲ್ಲನ್ನು ಭಟ್ಟಿ ಇಳಿಸುವಾಗ, ಎಣ್ಣೆ-ನೀರು ಬೇರೆ ಮಾಡುವ ಸೆಪರೇಟರ್ ಕೆಳಗಿನಿಂದ ಬರುವ ನೀರನ್ನು ನಾವೆಲ್ಲ ಹಾಗೇ ಹೊರಗೆ ಬಿಡುತ್ತಿದ್ದೆವು. ಅದರಲ್ಲಿ ಎಣ್ಣೆ ಇದೆ ಅಂತ ಮೂಗಿಗೇ ಗೊತ್ತಾಗುತ್ತದೆ. ಆದರೆ ತೆಗೆಯಲು ಹೋದರೆ ಖರ್ಚೇ ಜಾಸ್ತಿ ಅಂತ ಕುಷ್ಟಗಿ ಕಡೆಯ ಭಟ್ಟಿಯವರು ಒಬ್ಬರೂ ಬಿಡದೆ ಹೇಳಿದ್ದರು. ಎರಡು ಹಂಗಾಮಿನಿಂದ ನಾನು ತೆಗೆಯುತ್ತಿದ್ದೇನೆ. ಹಾಕಿದ ದುಡ್ಡೂ ವಾಪಸ್ ಬಂದಿದೆ.

ನನ್ನ ಭಟ್ಟಿಗೆ ಹೆಚ್ಚುಕಡಿಮೆ 500 ಕೆಜಿ ಹಸಿ ಹುಲ್ಲು ಹಿಡಿಸುತ್ತದೆ. ಎರಡು, ಎರಡೂವರೆ ಕೆಜಿ ಎಣ್ಣೆ ಬರುತ್ತದೆ. ಜೊತೆಗೆ 300 ಲೀಟರ್ ಹತ್ತಿರ ನೀರು. ಮೊದಲು ಆ ನೀರನ್ನೇ ಮತ್ತೆ ಭಟ್ಟಿಗೆ ಹಾಕಿ ನೋಡಿದೆ. ಕಟ್ಟಿಗೆ ಸುಟ್ಟದ್ದೇ ಬಂತು. ಎಣ್ಣೆಗೆ ಬೆಂದ ವಾಸನೆ ಹತ್ತಿ, ವ್ಯಾಪಾರಿ ರೇಟು ಇಳಿಸಿದ.

ಆಮೇಲೆ ಹೆಕ್ಸೇನ್. ಪೆಟ್ರೋಲ್‌ನಂಥ ದ್ರಾವಕ ಇದು, ನೀರಿಗೆ ಬೆರೆಯದೆ ಅದರಲ್ಲಿನ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಲೈಸೆನ್ಸ್ ಮಾಡಿಸಿಕೊಂಡೇ ತಂದೆ. 30 ಲೀಟರ್ ಒಂದೇ ಸಲ ಸುರಿದು ಜೋರಾಗಿ ಕಲಕಿದರೆ ನಡುವೆ ಮಜ್ಜಿಗೆಯಂಥ ಬಿಳಿ ಪದರ ನಿಲ್ಲುತ್ತಿತ್ತು. ಮರುದಿನವೂ ಒಡೆಯುತ್ತಿರಲಿಲ್ಲ. ಉಪ್ಪು ಹಾಕಿದರೆ ಒಡೆಯುತ್ತದೆ, ನಿಜ. ಆದರೆ ಆ ಉಪ್ಪುನೀರನ್ನು ಎಲ್ಲಿ ಬಿಡುವುದು? ಗಂಗಾವತಿ, ಸಿಂಧನೂರು ಕಡೆ ಸವುಳು ಹಿಡಿದ ಗದ್ದೆ ನೋಡಿದವರು ಯಾರೂ ತಮ್ಮ ಹೊಲಕ್ಕೆ ಬಿಡಲಾರರು. ಉಪ್ಪಿನ ಯೋಚನೆಯನ್ನೇ ಕೈಬಿಟ್ಟೆ.

ಕೈ ಹಿಡಿದದ್ದು ತಣ್ಣಗಿನ ನೀರು. ಬಿಸಿ ನೀರು ಎಣ್ಣೆಯನ್ನು ಜಾಸ್ತಿ ಹಿಡಿದಿಟ್ಟುಕೊಳ್ಳುತ್ತದೆ, ಹೆಕ್ಸೇನ್ ಕೂಡ ಹಾರಿಹೋಗುತ್ತದೆ. ಈಗ ರಾತ್ರಿಯಿಡೀ ಟ್ಯಾಂಕ್‌ನಲ್ಲಿ ಬಿಡುತ್ತೇನೆ. ಬೆಳಿಗ್ಗೆ ಮೇಲೆ ತೇಲಿದ ಎಣ್ಣೆಯನ್ನು ಮೊದಲು ತೆಗೆದು, ಆಮೇಲೆ 10 ಲೀಟರ್‌ನಂತೆ ಮೂರು ಸಲ ಹೆಕ್ಸೇನ್ ಹಾಕುತ್ತೇನೆ. ಒಂದೇ ಸಲ 30 ಹಾಕುವುದಕ್ಕಿಂತ ಇದರಲ್ಲಿ ಎಣ್ಣೆ ಚೆನ್ನಾಗಿ ಬರುತ್ತದೆ. ಹೊಸ ಹೆಕ್ಸೇನ್ ಮೂರನೇ ಸಲಕ್ಕೆ ಮಾತ್ರ. ಮೊದಲೆರಡು ಸಲಕ್ಕೆ ಹಿಂದಿನ ಭಟ್ಟಿಯ ಎರಡನೇ, ಮೂರನೇ ಸಲದ ಹೆಕ್ಸೇನ್ ಸಾಕು. ಹಾಗಾಗಿ ಎಣ್ಣೆ ಬೇರೆ ಮಾಡಲು ಪ್ರತಿ ಭಟ್ಟಿಗೆ ಕುದಿಸಬೇಕಾದ್ದು ಮೊದಲ ಸಲದ 10 ಲೀಟರ್ ಹೆಕ್ಸೇನ್ ಅಷ್ಟೆ. ಲಾಭ ಕೂತಿರುವುದೇ ಇಲ್ಲಿ.

ಕಲಕಲು ಕೈಯಿಂದ ತಿರುಗಿಸುವ ಪ್ಯಾಡಲ್. ಮಾಮೂಲಿ ಮೋಟರ್ ಬೇಡವೇ ಬೇಡ, ಒಂದು ಕಿಡಿ ಸಾಕು. ನಿಧಾನಕ್ಕೆ ತಿರುಗಿಸಿ ನಿಲ್ಲಿಸಿದರೆ, ಗಾಜಿನ ಕೊಳವೆಯಲ್ಲಿ ಮೇಲೆ ತಿಳಿ ಹಳದಿ, ಕೆಳಗೆ ನೀರು, ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ಪ್ಯಾಡಲ್‌ನ ಅಲಗನ್ನು ಹೇಗೆ ಬಗ್ಗಿಸಿದ್ದೇನೆ ಅನ್ನುವುದು ನನ್ನಲ್ಲೇ ಇರಲಿ. ಅದಕ್ಕೆ ಒಂದು ಹಂಗಾಮು ಪೂರ್ತಿ ಹೋಗಿದೆ.

ಹೆಕ್ಸೇನ್ 69 ಡಿಗ್ರಿಗೆ ಕುದಿಯುತ್ತದೆ. ಬೆಂಕಿ ಹತ್ತಿರ ಸುಳಿಯಬಾರದು, ಪಾತ್ರೆ ಸುತ್ತ ಬಿಸಿನೀರು ಹರಿಯುವ ಜಾಕೆಟ್‌ನಲ್ಲೇ ಭಟ್ಟಿ ಇಳಿಸಬೇಕು. ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಒಲೆವರೆಗೂ ಹೋಗುತ್ತದೆ. ಅದಕ್ಕೇ ಶೆಡ್ಡನ್ನು ಬಾಯ್ಲರ್‌ನಿಂದ ದೂರ, ಗಾಳಿ ಆಡುವ ಕಡೆ ಹಾಕಿದ್ದೇನೆ. ಬೇಸಿಗೆ ಮಧ್ಯಾಹ್ನ ಡ್ರಮ್ಮಿನ ಮುಚ್ಚಳ ತೆಗೆಯುವುದಿಲ್ಲ. ದಿನಾ ಉಸಿರಾಡಿದರೆ ಕೈಕಾಲಿನ ನರಕ್ಕೆ ಕುತ್ತು. ಕೆಲಸದವರಿಗೆ ಇದನ್ನು ಕೂರಿಸಿ ಹೇಳಿದ್ದೇನೆ.

ಕೊನೆಗೆ ಎಣ್ಣೆಯಲ್ಲಿ ಉಳಿಯುವ ಹೆಕ್ಸೇನ್ ವಾಸನೆ ತೆಗೆಯಲು ವ್ಯಾಕ್ಯೂಮ್ (ಪಂಪಿನಿಂದ ಗಾಳಿ ಎಳೆದು ಒತ್ತಡ ಇಳಿಸುವುದು) ಬೇಕೇ ಬೇಕು. ಹಳೇ ಪಂಪು, ಟ್ಯಾಂಕು ಎಲ್ಲ ಸೇರಿ 80 ಸಾವಿರದ ಹತ್ತಿರ ಆಯಿತು. ಒಂದು ಭಟ್ಟಿ ನೀರಿನಿಂದ 200-250 ಗ್ರಾಂ ಎಣ್ಣೆ ಸಿಗುತ್ತದೆ. ನನಗೆ ಸಿಕ್ಕ ರೇಟು ಕೆಜಿಗೆ 2,500ರ ಆಸುಪಾಸು. ಒಂದೂವರೆ ಲೀಟರ್ ಹೆಕ್ಸೇನ್ ಹಾರಿಹೋಗುತ್ತದೆ, ಅದಕ್ಕೆ 150-160 ರೂಪಾಯಿ. ಅದು ಕಳೆದು ಭಟ್ಟಿಗೆ 400 ರೂಪಾಯಿ ಆಸುಪಾಸು ಉಳಿಯುತ್ತದೆ.

ಈ ಎಣ್ಣೆಯನ್ನು ಮೊದಲಿನದಕ್ಕೆ ಬೆರೆಸುವುದಿಲ್ಲ, ಹೇಗೆ ತೆಗೆದದ್ದು ಅಂತ ಹೇಳಿಯೇ ಮಾರುತ್ತೇನೆ. ಎಣ್ಣೆಯಲ್ಲಿ ಏನೇನು ಎಷ್ಟಿದೆ ಅಂತ ಹೇಳುವ ಲ್ಯಾಬಿನ ಜಿಸಿ ರಿಪೋರ್ಟಿನಲ್ಲಿ, ಪಾಮರೋಸಾದ ಮುಖ್ಯ ಸುಗಂಧದ ಅಂಶವಾದ ಜೆರಾನಿಯಾಲ್ ಮೊದಲ ಎಣ್ಣೆಗಿಂತ ಜಾಸ್ತಿ ಬಂತು. ನೀರಿಗೆ ಇಳಿಯುವುದು ಮುಖ್ಯವಾಗಿ ಅದೇ ಅಲ್ವಾ? ರೇಟು ಇಳಿಸಿದ್ದ ವ್ಯಾಪಾರಿಯೇ ಈಗ ಇದನ್ನು ಮೊದಲೇ ಕಾಯ್ದಿರಿಸುತ್ತಾನೆ.

ಗುಲಾಬಿ ನೀರಿಗೂ ಹೆಕ್ಸೇನ್ ಹಾಕಿ ನೋಡಿದೆ, ಆಗಲಿಲ್ಲ. ಅದರ ಸುಗಂಧದ ಅಂಶವಾದ ಫೀನೈಲ್ ಈಥೈಲ್ ಆಲ್ಕೋಹಾಲ್ ನೀರನ್ನು ಸುಲಭಕ್ಕೆ ಬಿಡದು, ಈಥೈಲ್ ಅಸಿಟೇಟ್ ಅನ್ನುವ ಬೇರೆ ದ್ರಾವಕ ಬೇಕು. ತುಳಸಿ ನೀರು ಚೆನ್ನಾಗಿ ಬಂತು. ಹೆಕ್ಸೇನ್‌ಗೆ ಇಳಿದ ಯೂಜಿನಾಲ್ (ಲವಂಗದಲ್ಲೂ ಇರುವ ಸುಗಂಧದ ಅಂಶ) ಅನ್ನು ಕಾಸ್ಟಿಕ್ ಸೋಡಾ ನೀರಿಗೆ ಎಳೆದು, ಆಸಿಡ್ ಹಾಕಿದರೆ ಬೇರೆಯಾಗಿ ನಿಲ್ಲುತ್ತದೆ. ಮುಂದಿನ ಹಂಗಾಮಿಗೆ ಒಂದು ಎಕರೆ ತುಳಸಿ ಹಾಕುತ್ತಿದ್ದೇನೆ.