ಹ್ಯಾವ್‌ಲಾಕ್ ಬಿಟ್ಟು ಅಂಡಮಾನ್: ಎರಡನೇ ಸಲ ಹೋಗಿ ಬಂದ ಲೆಕ್ಕ

"ಹ್ಯಾವ್‌ಲಾಕ್ ಬಿಟ್ಟು ಅಂಡಮಾನ್‌ನಲ್ಲಿ ಮಾಡೋದೇನು?" ಅಂತ ಕೇಳದವರಿಲ್ಲ. ಹ್ಯಾವ್‌ಲಾಕ್ ಅಂದರೆ ಅಲ್ಲಿಗೆ ಹೋದವರೆಲ್ಲ ಬೀಚಿಗಾಗಿ ಓಡುವ ದ್ವೀಪ, ಈಗಿನ ಹೆಸರು ಸ್ವರಾಜ್ ದ್ವೀಪ. ನಮ್ಮ ಭಾವ ಅಂತೂ "ದುಡ್ಡು ಜಾಸ್ತಿಯಾಗಿದೆ ನಿಂಗೆ" ಅಂದರು. ಈಗ ಅವರೇ ನನ್ನ ಪ್ಲ್ಯಾನ್ ಕಳಿಸು ಅಂತಿದ್ದಾರೆ!

ಮೊದಲ ಸಲ ಪ್ಯಾಕೇಜ್‌ನಲ್ಲಿ ಹೋಗಿದ್ದೆವು. ತಲೆಗೆ 35 ಸಾವಿರ ಚಿಲ್ಲರೆ. ರಾಸ್ ದ್ವೀಪಕ್ಕೆ (ಈಗ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ) ಅವರು ಇಟ್ಟಿದ್ದು ಬುಧವಾರ. ಬುಧವಾರ ರಾಸ್‌ಗೆ ರಜೆ. ಬದಲಿಗೆ ಚಿಪ್ಪಿನ ಅಂಗಡಿ ಸುತ್ತಿಸಿದರು. ವಾಪಸ್ ಬರುವ ದಿನ ಗಾಳಿ ಎದ್ದು ಹ್ಯಾವ್‌ಲಾಕ್ ಫೆರಿ ರದ್ದಾಯಿತು, ವಿಮಾನ ತಪ್ಪಿತು. ಹೊಸ ಟಿಕೆಟ್‌ಗೆ ಮತ್ತೆ ಸುಮಾರು 18 ಸಾವಿರ.

ಈ ಸಲ ಟಿಕೆಟ್‌ಗಿಂತ ಮೊದಲು ರಜೆಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿದೆ. ಸೋಮವಾರ ಸೆಲ್ಯುಲರ್ ಜೈಲು, ಬುಧವಾರ ರಾಸ್, ಭಾನುವಾರ ಚಾಥಂ ಗರಗಸದ ಮಿಲ್ಲು. ಉಳಿದ ದಿನಕ್ಕೆ ಸರಿಯಾಗಿ ವಿಮಾನ ಹುಡುಕಿದೆ. ಫೆಬ್ರುವರಿಯಲ್ಲಿ, ವಾರದ ನಡುವೆ, ಹೋಗಿ ಬರಲು ತಲೆಗೆ 13 ಸಾವಿರದ ಹತ್ತಿರ ಸಿಕ್ಕಿತು. ಪೋರ್ಟ್ ಬ್ಲೇರ್‌ನಲ್ಲಿ (ಈಗ ಶ್ರೀ ವಿಜಯಪುರಂ) ಅಬರ್ಡೀನ್ ಬಜಾರ್ ಪಕ್ಕ ಒಂದೇ ರೂಮು. ಲಗೇಜ್ ಎತ್ತಿಕೊಂಡು ಊರೂರು ಅಲೆಯುವುದು ತಪ್ಪಿತು.

ರಾಸ್‌ಗೆ ಮೊದಲ ದೋಣಿಯಲ್ಲೇ ಹೋಗಬೇಕು, ಇದು ನನ್ನ ಹಟ. 1858ರಿಂದ 1941ರವರೆಗೆ ಬ್ರಿಟಿಷರು ಇಡೀ ಅಂಡಮಾನ್ ಆಳಿದ್ದು ಇಲ್ಲಿಂದ. ಚರ್ಚು, ಬೇಕರಿ, ಕಮಿಷನರ್ ಬಂಗಲೆ ಎಲ್ಲ ಇತ್ತು. 1941ರ ಭೂಕಂಪ ಆಯಿತು, ಮರುವರ್ಷ ಜಪಾನಿಯರು ಬಂದರು. ಈಗ ಗೋಡೆಗಳ ಮೇಲೆ ಸೂರೇ ಇಲ್ಲ. ಕಿಟಕಿ ಇದ್ದ ಜಾಗದಲ್ಲಿ ತೋಳಿನಷ್ಟು ದಪ್ಪ ಬೇರು ಇಳಿದಿದೆ, ಇಟ್ಟಿಗೆಯನ್ನು ಅದೇ ಹಿಡಿದು ನಿಲ್ಲಿಸಿದೆ. ಪಕ್ಕದಲ್ಲೇ ಜಪಾನಿಯರ ಬಂಕರ್. ದೋಣಿಯವರು ಕೊಡುವ ಹೊತ್ತು ಇದಕ್ಕೆಲ್ಲ ಸಾಲಲ್ಲ. ನಮಗೆ ಅದರ ದುಪ್ಪಟ್ಟು ಸಿಕ್ಕಿತು. ಹೇಗೆ ಅಂತ ಹೇಳಲ್ಲ, ಎಲ್ಲರೂ ಶುರು ಮಾಡಿದರೆ ನಡೆಯಲ್ಲ.

ಮಜಾ ಬಂದಿದ್ದು ಸ್ಕೂಟರ್ ಪ್ರಯೋಗದಲ್ಲಿ. ದಿನಕ್ಕೆ 500 ರೂಪಾಯಿ ಬಾಡಿಗೆ. ಚಾಥಂನಿಂದ ಬಾಂಬೂ ಫ್ಲಾಟ್‌ಗೆ ವಾಹನದ ಫೆರಿ ಇದೆ, ಟಿಕೆಟ್ ಚಿಲ್ಲರೆ ಕಾಸು. ಜೀಪುಗಳ ಸಂದಿಯಲ್ಲಿ ಸ್ಕೂಟರ್ ತುರುಕಿ, ಬ್ರೇಕ್ ಹಿಡಿದೇ ನಿಂತಿರಬೇಕು. ಆಚೆ ದಡದಿಂದ ಹೋಪ್ ಟೌನ್, ಅಲ್ಲಿಂದ ಮೌಂಟ್ ಹ್ಯಾರಿಯೆಟ್. ಈಗ ಅದು ಮೌಂಟ್ ಮಣಿಪುರ. ಹಳೇ ಕೆಂಪು 20 ರೂಪಾಯಿ ನೋಟು ಜೇಬಲ್ಲಿಟ್ಟುಕೊಂಡಿರಿ, ಅದರ ಹಿಂದಿನ ಚಿತ್ರ ಈ ದಾರಿಯಲ್ಲೇ ಕಾಣುತ್ತೆ. 1872ರ ಫೆಬ್ರುವರಿಯಲ್ಲಿ ವೈಸ್‌ರಾಯ್ ಮೇಯೊ ಇದೇ ಬೆಟ್ಟದಿಂದ ಸೂರ್ಯಾಸ್ತ ನೋಡಿ ಇಳಿದ. ಹೋಪ್ ಟೌನ್ ಜೆಟ್ಟಿಯಲ್ಲಿ ಶೇರ್ ಅಲಿ ಎಂಬ ಕೈದಿ ಅವನನ್ನು ಇರಿದು ಕೊಂದ. ನಾವು ಮಾತ್ರ ಸೂರ್ಯಾಸ್ತಕ್ಕೆ ಕಾಯಲಿಲ್ಲ. ಅಲ್ಲಿ ಬೇಗ ಕತ್ತಲಾಗುತ್ತೆ, ಇಳಿಜಾರು ಬೇರೆ.

ವಾಪಸ್ ಚೆನ್ನೈಗೆ ಹಡಗಲ್ಲಿ ಬರುವ ಆಸೆ ಇತ್ತು. ಬಂಕ್ ಟಿಕೆಟ್ ಅಗ್ಗ, ಆದರೆ ಎರಡೂವರೆ ದಿನ ಸಮುದ್ರದ ಮೇಲೆ. ಹೊರಡುವ ದಿನಾಂಕ ಕೊನೆ ಗಳಿಗೆಯಲ್ಲಿ ಮುಂದೆ ಹೋಯಿತು, ಕೈಬಿಟ್ಟೆವು. ವಿಮಾನದ ಟಿಕೆಟ್ ರದ್ದು ಮಾಡದೆ ಇಟ್ಟುಕೊಂಡಿದ್ದು ಆಗ ಕೈ ಹಿಡಿಯಿತು.

ಊಟ, ರೂಮು, ಪೆಟ್ರೋಲ್ ಎಲ್ಲ ಸೇರಿ ತಲೆಗೆ 24, ಹೆಚ್ಚೆಂದರೆ 25 ಸಾವಿರ. ಅದರಲ್ಲಿ ಮೀನಿನ ಊಟದ್ದೇ ಒಂದು ಪಾಲು, ಅದನ್ನು ನಾನು ಖರ್ಚು ಅಂತ ಲೆಕ್ಕ ಹಿಡಿಯಲ್ಲ.